ಎಂಟು ಸಾವಿರ ಕಿಲೋಮೀಟರಿನ ಸುಳ್ಳು

ಅನುಷಾಳ ಬೆರಳುಗಳನ್ನು ಅಪ್ಪನ ಅಂಗಿಯಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಆ ಕೆಲಸ ಮಾಡಿದವನು ನಾನೇ.

ಎಂಟು ವರ್ಷದ ಕೂಸು. "ಅಜ್ಜಿ ಕೂಡ ಹೋಗಂಗಿಲ್ಲ, ಅಪ್ಪನ ಕೂಡ ಇರ್ತೀನಿ" ಎಂದು ಗಂಗಾವತಿ ಠಾಣೆಯ ಅಂಗಳವೆಲ್ಲ ಒಂದಾಗುವಂತೆ ಚೀರುತ್ತಿತ್ತು. ನನ್ನ ನೌಕರಿಯಲ್ಲಿ ಎಂಥೆಂಥವರ ಕೈಗೋ ಕೋಳ ಹಾಕಿದ್ದೇನೆ, ಎಂದೂ ಅಳುಕಿದವನಲ್ಲ. ಆ ಪುಟ್ಟ ಕೈ ಬಿಡಿಸುವಾಗ ಮಾತ್ರ ಹೆಡ್ ಕಾನ್‌ಸ್ಟೆಬಲ್ ಹೇಮಪ್ಪ ಮುಖ ಆಚೆ ತಿರುಗಿಸಿದ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

"ಬಾರವ್ವ ನನ್ನ ಬಂಗಾರ" ಎಂದು ಶಂಕ್ರಮ್ಮ ಮೊಮ್ಮಗಳನ್ನು ಸೆರಗಿನೊಳಗೆ ಎಳೆದುಕೊಂಡು ಜೀಪು ಹತ್ತಿದಳು. ಐದು ದಿನದ ಹಿಂದೆ ಮಗಳನ್ನು ಕಳೆದುಕೊಂಡ ಮುದುಕಿ. ಅತ್ತೂ ಅತ್ತೂ ಕಣ್ಣು ಕೆಂಡವಾಗಿದ್ದವು.

"ಹೇಮಪ್ಪನವರ, ಡ್ರೈವರ್ ಯಂಕೇಶಗ ಹೇಳ್ರಿ" ಎಂದರು ಇನ್ಸ್‌ಪೆಕ್ಟರ್ ರೇಣುಕಾದೇವಿ, ಮೆಟ್ಟಿಲ ಮೇಲೆ ನಿಂತು. "ಇಬ್ಬರನ್ನೂ ಹನುಮಸಾಗರಕ್ಕ ಅಜ್ಜಿ ಮನಿಗೆ ಬಿಟ್ಟು ಬರ್ಲಿ. ಅಜ್ಜಿ ಏನು ಕೇಳ್ತಾಳೋ ಅದನ್ನ ಮಾಡಿಕೊಡ್ಲಿ. ಪಾಪ, ಭಾಳ ಬಳಲ್ಯಾಳ."

ಜೀಪು ಹೊರಟಿತು. ಕೂಸಿನ ಅಳು ಬಸ್ ನಿಲ್ದಾಣದ ತಿರುವಿನ ತನಕ ಕೇಳುತ್ತಿತ್ತು. ಅಪ್ಪ ಅನ್ನಿಸಿಕೊಂಡವನು, ಅಂದರೆ ರುದ್ರೇಶ, ಅಂಗಿಯ ಕಿತ್ತುಹೋದ ಗುಂಡಿಯ ಜಾಗವನ್ನು ಹಿಡಿದುಕೊಂಡು ನಿಂತಿದ್ದ.

ಸೋಮವಾರ ಸಂಜೆ ಇವನ ಹೆಂಡತಿ ಸುರೇಖಾ ಮಾಳಿಗೆಯ ಮೆಟ್ಟಿಲ ಕೆಳಗೆ ಸತ್ತು ಬಿದ್ದಿದ್ದಳು. ಬುಧವಾರ ಇವನು ಬಂದ ಮೇಲೆ ಹೆಣಕ್ಕೆ ಸ್ನಾನ ಮಾಡಿಸಲು ನಿಂತ ಪಕ್ಕದ ಮನೆಯ ಫಕೀರಮ್ಮ, ಕೊರಳ ಹಿಂದೆ ಹಗ್ಗ ಎಳೆದಂಥ ಗೆರೆ ಕಂಡೆ ಎಂದು ಠಾಣೆಗೆ ಓಡಿ ಬಂದಿದ್ದಳು.

ಆದರೆ ಡಾಕ್ಟರು ಕೈಚೆಲ್ಲಿದರು. "ಎರಡು ದಿನ ಈ ಬಿಸಿಲಾಗ ಇಟ್ಟೀರಿ. ಆ ಚರ್ಮ ಈಗ ಏನೂ ಹೇಳಂಗಿಲ್ಲ. ಬಿದ್ದಾಳೋ, ಯಾರರ ಎಳದಾರೋ, ದೇವ್ರಿಗೇ ಗೊತ್ತು" ಎಂದರು.

ಎರಡು ದಿನ ಇಟ್ಟದ್ದು ಯಾಕೆ? ಶಂಕ್ರಮ್ಮನ ಮನೆತನದ ಕಟ್ಟುಪಾಡು ಅದು. ಮುತ್ತೈದೆ ಸತ್ತರೆ ಗಂಡ ಬಂದು ಹಣೆಗೆ ಕುಂಕುಮ ಹಚ್ಚುವ ತನಕ ಯಾರೂ ಹೆಣಕ್ಕೆ ನೀರು ಮುಟ್ಟಿಸುವಂತಿಲ್ಲ. ಗಂಡನೋ ಆಫ್ರಿಕಾದಲ್ಲಿ. ನೈಜೀರಿಯಾದ ಲಾಗೋಸ್ ಎಂಬ ಊರಿನ ಅಕ್ಕಿ ಗಿರಣಿಯಲ್ಲಿ ಫಿಟ್ಟರು. ನಮ್ಮ ಗಂಗಾವತಿಯ ಹುಡುಗರು ಗಿರಣಿ ಕೆಲಸಕ್ಕೆ ಎಲ್ಲೆಲ್ಲಿಗೋ ಹೋಗುತ್ತಾರೆ. ಇವನಿಗಂತೂ ಓಣಿಯಲ್ಲಿ ಆಫ್ರಿಕಾ ರುದ್ರೇಶ ಎಂದೇ ಹೆಸರು.

ಮಂಗಳವಾರ ಮಧ್ಯಾಹ್ನ ರುದ್ರೇಶನ ಅಣ್ಣ ಕೊಟ್ರಬಸಪ್ಪ ಕೊಪ್ಪಳದಿಂದ ಐಸ್ ಪೆಟ್ಟಿಗೆ ತರಿಸಿದ್ದರು. ಶಂಕ್ರಮ್ಮ ಅದನ್ನು ಒಳಗೆ ಬಿಡಲಿಲ್ಲ. "ನನ್ನ ಮಗಳು ಥಂಡಿ ತಡಿಯಂಗಿಲ್ಲ, ಅಕಿನ್ನ ಪೆಟ್ಟಿಗ್ಯಾಗ ಹಾಕಬ್ಯಾಡ್ರಿ" ಎಂದು ಬಾಗಿಲಿಗೆ ಅಡ್ಡ ಬಿದ್ದಳು. ಆ ಮಾತು ಕೇಳಿ ಓಣಿಯ ಹೆಂಗಸರೆಲ್ಲ ಅತ್ತರು. ಹೀಗೆ ಎರಡು ದಿನ ಮುದುಕಿ ಮಗಳ ಪಕ್ಕದಲ್ಲಿ ಕೂತು ಸೆರಗಿನಿಂದ ನೊಣ ಓಡಿಸುತ್ತ ಅಳಿಯನ ದಾರಿ ಕಾಯ್ದಳು. ಮೂಗು ಮುಚ್ಚಿಕೊಂಡು ನಿಂತ ನೆಂಟರು ಪಾಳಿ ಹಚ್ಚಿ "ವಿಮಾನ ಎಲ್ಲಿಗೆ ಬಂತಂತ?" ಎಂದು ಕೇಳುತ್ತಿದ್ದರು.

ವಿಮಾನ ಬಂದೇ ಇರಲಿಲ್ಲ. ಅದು ರೇಣುಕಾದೇವಿಯವರಿಗೆ ನಿನ್ನೆ ಸಂಜೆ ಗೊತ್ತಾಗಿತ್ತು. ಇವತ್ತು ಬೆಳಿಗ್ಗೆ ರುದ್ರೇಶ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಹೊರಟಿದ್ದಾನೆ ಎಂದು ಶಂಕ್ರಮ್ಮ ಬಂದು ಕಾಲಿಗೆ ಬಿದ್ದಾಗ, ನಾವು ಕಾರನ್ನು ಊರ ಹೊರಗೇ ತಡೆದೆವು.

"ಕುಂದರ್ರಿ ರುದ್ರೇಶ" ಎಂದರು ಮೇಡಂ. "ಹೇಮಪ್ಪನವರ, ಇವರಿಗೊಂದು ಚಾ."

ನಮ್ಮ ಮೇಡಂ ಯಲಬುರ್ಗಾ ಕಡೆಯವರು. ದನಿ ಎತ್ತುವುದಿಲ್ಲ, ಕೈ ಎತ್ತುವುದಿಲ್ಲ. ಚಹಾ ಕುಡಿಸಿ ಸುಲಿಯುತ್ತಾರೆ. ನನಗೆ ಅವರ ಮೇಲೆ ಗೌರವ ಇದೆ, ಅವರ ಎದುರು ಕುರ್ಚಿಯಲ್ಲಿ ಕೂರುವವರ ಮೇಲೆ ಕನಿಕರವೂ ಇದೆ. ಇವತ್ತು ಕನಿಕರ ಇರಲಿಲ್ಲ.

"ಲಾಗೋಸ್‌ನಿಂದ ಬೆಂಗಳೂರಿಗೆ ಎಷ್ಟು ದೂರ ಆಕೈತ್ರಿ?"

"ಎಂಟು ಸಾವಿರ ಕಿಲೋಮೀಟರ್ ಮ್ಯಾಲ ಐತ್ರಿ ಮೇಡಂ."

"ಸೀದಾ ವಿಮಾನ ಐತೇನು?"

"ಇಲ್ರಿ. ನಾ ಬರೂ ದಾರಿ ನಡುವ ಆಡಿಸ್ ಅಬಾಬಾದಾಗ ಇಳದು ಬ್ಯಾರೆ ವಿಮಾನ ಹತ್ತಬೇಕ್ರಿ."

"ಹಾರೂದು ಎಷ್ಟೊತ್ತು?"

"ಅಲ್ಲಿ ತನಕ ಐದು ತಾಸು. ಅಲ್ಲಿಂದ ಮತ್ತ ಆರು."

"ನಡುವ ಕಾಯೂದು, ಬೆಂಗಳೂರಿಂದ ಇಲ್ಲಿಗೆ ಕಾರಿನ್ಯಾಗ ಬರೂದು ಎಲ್ಲಾ ಕೂಡಿಸಿದ್ರೂ ಒಂದು ದಿನಕ್ಕ ಬರಬಹುದಿತ್ತು. ನೀವು ಎರಡು ದಿನ ಹಾರಿದ್ರಿ. ನಿಮ್ಮ ವಿಮಾನಕ್ಕ ಏನು ಎತ್ತು ಹೂಡಿದ್ರೇನು?"

ರುದ್ರೇಶ ನಗಲಿಲ್ಲ. "ಟಿಕೇಟ್ ಸಿಗಲಿಲ್ರಿ" ಎಂದ.

"ಪಾಸ್‌ಪೋರ್ಟ್ ತೋರಿಸ್ರಿ."

"ವೀಸಾದ ಕೆಲಸ ಇತ್ತು. ಬೆಂಗಳೂರಾಗ ಕಂಪನಿ ಆಫೀಸಿನ್ಯಾಗ ಕೊಟ್ಟೀನ್ರಿ."

"ಛಲೋ. ನಿಮ್ಮ ಪಾಸ್‌ಪೋರ್ಟ್ ಆಫೀಸಿನ್ಯಾಗ ಐತಿ. ನಿಮ್ಮ ಮಗಳಿಗೆ ಪಾಸ್‌ಪೋರ್ಟ್ ಮಾಡಿಸೇ ಇಲ್ಲ, ನಾ ವಿಚಾರಿಸೀನಿ. ಆದ್ರೂ ಇವತ್ತ ರಾತ್ರಿ ಇಬ್ಬರೂ ಲಾಗೋಸಿಗೆ ಹಾರ್ತೀವಿ ಅಂತ ಅಣ್ಣಗ ಹೇಳೀರಿ. ಹೌದಲ್ರಿ?"

ಅವನು ಚಹಾದ ಕಪ್ಪು ಕೆಳಗಿಟ್ಟ. ಅರ್ಧ ಚಹಾ ಮೇಜಿನ ಮೇಲಿತ್ತು.

ಮೇಡಂ ಸುರೇಖಾಳ ಫೋನು ತೆಗೆದರು. ಹದಿನೈದು ದಿನದ ಹಿಂದೆ ಅನುಷಾಳ ಹುಟ್ಟುಹಬ್ಬ. ಕೂಸು ಕೇಕು ಕೊಯ್ಯುವಾಗ ಅಪ್ಪ ವಿಡಿಯೋ ಕಾಲಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದ. ಸುರೇಖಾ ಖುಷಿಯಿಂದ ಆ ಕರೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದಳು. ಮೂಲೆಯಲ್ಲಿ ಕೇಕಿನ ಮುಂದೆ ಅನುಷಾ, ದೊಡ್ಡದಾಗಿ ರುದ್ರೇಶ, ಅವನ ಹಿಂದೆ ಗಿರಣಿಯ ತೆರೆದ ಬಾಗಿಲು.

"ಇಲ್ಲಿ ಟೈಮ್ ನೋಡ್ರಿ. ರಾತ್ರಿ ಎಂಟು. ನಮ್ಮಲ್ಲಿ ರಾತ್ರಿ ಎಂಟಾದ್ರ ಲಾಗೋಸ್‌ನ್ಯಾಗ ಎಷ್ಟು?"

ರುದ್ರೇಶ ಫೋನಿನಿಂದ ಕಣ್ಣು ತೆಗೆದು ಬಾಗಿಲ ಕಡೆ ನೋಡಿದ.

"ನಾ ಹೇಳ್ತೀನಿ. ಮಧ್ಯಾಹ್ನ ಮೂರೂವರಿ. ಬಿಸಿಲು ಮೈ ಸುಡೂ ಹೊತ್ತು. ನಿಮ್ಮ ಹಿಂದಿನ ಬಾಗಿಲಾಗ ಹೊರಗ ನೋಡ್ರಿ. ಕಗ್ಗತ್ತಲಿ. ಲೈಟಿಗೆ ಹುಳ ಮುತ್ತ್ಯಾವ. ಯಾವ ದೇಶದಾಗ ರಾತ್ರಿ ಆಗಿತ್ರಿ ನಿಮಗ?"

ಗಿರಣಿಯೊಳಗೆ ನಿಂತರೆ ಯಾವ ದೇಶವೂ ಒಂದೇ. ಅದೇ ಬೆಲ್ಟು, ಅದೇ ತೌಡಿನ ಧೂಳು, ಅದೇ ಸದ್ದು. ಹೊರಗಿನ ಆಕಾಶವನ್ನು ಮಾತ್ರ ಈ ಜಾಣ ಮರೆತಿದ್ದ. ನಿನ್ನೆ ಮೇಡಂ ಇದನ್ನು ತೋರಿಸಿದಾಗ ನಾನು ತೊಡೆ ತಟ್ಟಿ ನಕ್ಕಿದ್ದೆ.

ಆಮೇಲೆ ಮೇಡಂ ಮಾಡಿದ್ದಕ್ಕೆ ನಗು ಬರಲಿಲ್ಲ. ಎರಡು ಫೋಟೋ ತೆಗೆದು ಅವನ ಮುಂದೆ ಇಟ್ಟರು. ಸುರೇಖಾಳ ಹೆಣದ್ದು.

"ಇದು ಮಂಗಳವಾರ ಮಧ್ಯಾಹ್ನ ನಿಮ್ಮ ಅಣ್ಣ ತೆಗೆದಿದ್ದು, ನಿಮಗ ಕಳಿಸಾಕ. ಇದು ಬುಧವಾರ ನಮ್ಮವರು ತೆಗೆದಿದ್ದು. ಎರಡೂ ಛಲೋತ್ನ್ಯಾಗಿ ನೋಡ್ರಿ. ಮಾರಿ ತಿರುವಬ್ಯಾಡ್ರಿ. ಈ ಮಾರಿ ಹೋಗಿ ಈ ಮಾರಿ ಆಗೂದ್ರಾಗ ನೀವು ಎಲ್ಲಿದ್ರಿ?"

ರುದ್ರೇಶ ನೋಡಿದ. ಮುಖ ತಿರುಗಿಸಲು ಹೋದ, ಮೇಡಂ ಫೋಟೋವನ್ನು ಆ ಕಡೆಗೇ ಸರಿಸಿದರು.

"ಕಾರಟಗಿಯೊಳಗ" ಎಂದ.

"ಏನು?"

"ಕಾರಟಗಿ ಗಿರಣ್ಯಾಗ ಇದ್ನಿರಿ. ಸಂಕ್ರಾಂತಿಯಿಂದ ಅಲ್ಲೇ ಅದೀನಿ."

ಗಂಗಾವತಿಯಿಂದ ಕಾರಟಗಿಗೆ ಬಸ್ಸು ಮುಕ್ಕಾಲು ತಾಸು ತೆಗೆದುಕೊಂಡರೆ ಹೆಚ್ಚು. ಎಂಟು ಸಾವಿರ ಕಿಲೋಮೀಟರಿನ ಆಚೆ ಇದ್ದಾನೆ ಎಂದು ಇಡೀ ಓಣಿ ಆಕಾಶ ನೋಡುತ್ತಿತ್ತು. ಹೆಂಡತಿ ಕೊಳೆಯುತ್ತಿದ್ದಳು. ಇವನು ಪಕ್ಕದ ಊರಿನಲ್ಲಿ ಬತ್ತದ ಚೀಲಗಳ ನಡುವೆ ಕೂತಿದ್ದ.

"ಲಾಗೋಸ್‌ನ್ಯಾಗ ಗಿರಣಿ ಮುಚ್ಚಿದ್ರು" ಎಂದ. "ನಮ್ಮನ್ನೆಲ್ಲ ವಾಪಸ್ ಕಳಿಸಿದ್ರು. ಹೋಗೂ ಮುಂದ ಓಣ್ಯಾಗ ಹಾರ ಹಾಕಿ, ಡೊಳ್ಳು ಬಡದು ಕಳಿಸಿದ್ರಿರಿ. ಹೆಂಗ ಬರ್ಲಿ ಆ ಓಣಿಗೆ? ಮತ್ತ ಎಲ್ಲೆರ ಫಾರಿನ್ ಕೆಲಸ ಸಿಗೂ ತನಕ ಅಂತ ಕಾರಟಗಿಯೊಳಗ ಸೇರಿಕೊಂಡೆ. ಸುರೇಖಾಗೂ ಹೇಳಿರಲಿಲ್ಲ."

"ಮಾನಕ್ಕ ಅಂಜಿ."

"ಹೌದ್ರಿ."

"ಸೋಮವಾರ ಸಂಜಿ ಹೆಂಡ್ತಿ ಸತ್ತ ಸುದ್ದಿ ಬಂತು. ಆಗಾದ್ರೂ ಮಾನ ಬಿಟ್ಟು ಬರಬೇಕಿತ್ತು."

"ಎರಡು ಸಲ ಬಸ್ ಹತ್ತಿ ಇಳದೀನ್ರಿ ಮೇಡಂ." ಈಗ ಅವನು ಅಳುತ್ತಿದ್ದ, ಗಂಡಸರು ಅಳಬಾರದೆಂದು ಕಲಿತವರು ಅಳುವ ಹಾಗೆ, ಬಾಯಿ ಮುಚ್ಚಿಕೊಂಡು. "ಒಂದು ತಾಸಿನ್ಯಾಗ ಬಂದು ನಿಂತ್ರ ಎಲ್ಲಾರೂ ಏನ್ ಕೇಳ್ತಾರ? ಆಫ್ರಿಕಾದಿಂದ ಹೆಂಗ ಬಂದಿ ಅಂತಾರ. ನಾಳಿ ಬರ್ತೀನಿ, ನಾಡಿದ್ದು ಬರ್ತೀನಿ ಅಂತ..."

"ಅದಕ್ಕ ಹೆಣ ಕೊಳಿಸಿದ್ರಿ. ಕೊರಳಾಗಿನ ಗೆರಿ ಅಳಿಸಿಹೋಗ್ಲಿ ಅಂತ." ಮೇಡಂ ಮುಂದಕ್ಕೆ ಬಾಗಿದರು. "ಕಾರಟಗಿಯಿಂದ ಬಂದು, ಹೆಂಡ್ತಿ ಕೊರಳಿಗೆ ಹಗ್ಗ ಹಾಕಿ, ವಾಪಸ್ ಹೋಗಿ ಕುಂತು, ಎರಡು ದಿನ ಸುಳ್ಳು ವಿಮಾನ ಹಾರಿಸಿದ್ರಿ. ನಾನಾದ್ರೂ ಹಂಗ ಮಾಡ್ತಿದ್ದೆ. ಭಾಳ ಹುಷಾರ್ ಅದೀರಿ."

ರುದ್ರೇಶ ತಲೆ ಎತ್ತಿದ. ಅಳು ನಿಂತಿತ್ತು.

"ನಾ ಇಡ್ರಿ ಅಂತ ಹೇಳಿಲ್ರಿ."

"ಏನು ಹೇಳಿಲ್ಲ?"

"ನನ್ನ ದಾರಿ ಕಾಯ್ರಿ ಅಂತ ನಾ ಹೇಳೇ ಇಲ್ಲ. ಕಾಯಬ್ಯಾಡ್ರಿ, ಇವತ್ತ ಮಣ್ಣು ಮಾಡ್ರಿ ಅಂತ ಹೇಳೀನಿ. ನಾ ಬರೂದ ಬ್ಯಾಡಾಗಿತ್ತು ನನಗ. ದೂರದಾಂವ, ಸಿಗಲಿಲ್ಲ ಅಂತ ಬಿಡ್ತಾರ ಅಂದ್ಕೊಂಡಿದ್ದೆ. ಅದಕ್ಕ ಎರಡು ದಿನ ಹಿಡಿತೈತಿ ಅಂತ ಹೆಚ್ಚು ಮಾಡಿ ಹೇಳಿದ್ನಿರಿ. ಎರಡು ದಿನ ಅಂದ್ರ ಯಾರು ಕಾಯ್ತಾರ ಈ ಬ್ಯಾಸಿಗ್ಯಾಗ?"

ಮೇಡಂ ಕುರ್ಚಿಗೆ ಹಿಂದಕ್ಕೆ ಒರಗಿದರು. "ಯಾರಿಗೆ ಹೇಳಿದ್ರಿ?"

"ಸುರೇಖಾನ ಅವ್ವಗ. ಎಲ್ಲಾ ಅಕಿಗೇ ಹೇಳಿದ್ದು. ಅಣ್ಣನ ಫೋನ್ ನಾ ಎತ್ತಲಿಲ್ಲ, ಅಂವ ನೂರು ಪ್ರಶ್ನಿ ಕೇಳ್ತಾನಂತ."

"ಶಂಕ್ರಮ್ಮ ಬ್ಯಾರೇನ ಹೇಳ್ಯಾಳ. ಅಳಿಯ ಬರ್ತೀನಿ ಅಂದಾನ, ಅಂವನ ಮಾತು ಮೀರಂಗಿಲ್ಲ ಅಂತ ಎಲ್ಲಾರ ಮುಂದ ಹೇಳ್ಯಾಳ."

"ನನ್ನ ಫೋನ್ ಕೊಡ್ರಿ" ಎಂದ ರುದ್ರೇಶ.

ಫೋನು ನನ್ನ ಡ್ರಾಯರಿನಲ್ಲಿತ್ತು. ಮೇಡಂ ಸನ್ನೆ ಮಾಡಿದರು, ಕೊಟ್ಟೆ. ಶಂಕ್ರಮ್ಮನಿಗೆ ಓದು ಬರಹ ಬಾರದು. ನಮ್ಮ ಹಳ್ಳಿಯ ಹಿರಿಯರೆಲ್ಲ ಈಗ ಮಾಡುವಂತೆ ಅವಳೂ ವಾಟ್ಸಾಪಿನಲ್ಲಿ ಮೈಕಿನ ಗುರುತು ಒತ್ತಿ ಮಾತಾಡಿ ಕಳಿಸುತ್ತಾಳೆ. ರುದ್ರೇಶ ಸೋಮವಾರ ರಾತ್ರಿಯ ಮಾತುಗಳನ್ನು ಹುಡುಕಿ ತೆಗೆದು ಮೇಜಿನ ಮೇಲಿಟ್ಟ.

ಮೊದಲು ಅವನದೇ ದನಿ. ಬಿಕ್ಕುತ್ತಿದ್ದ. "ಅತ್ತಿ, ನನ್ನ ದಾರಿ ಕಾಯಬ್ಯಾಡ್ರಿ. ನಾ ಭಾಳ ದೂರ ಅದೀನಿ. ಅಣ್ಣನ ಕಡಿಂದ ಕುಂಕುಮ ಹಚ್ಚಿಸಿ ಮಣ್ಣು ಮಾಡಿಬಿಡ್ರಿ."

ಆಮೇಲೆ ಶಂಕ್ರಮ್ಮ. ಹಿಂದೆ ಹೆಂಗಸರು ಹಾಡಿ ಅಳುವ ಸದ್ದು. ಇವಳ ದನಿಯಲ್ಲಿ ಮಾತ್ರ ಅಳು ಇರಲಿಲ್ಲ. ಸಂತೆಯಲ್ಲಿ ದರ ಕೇಳುವ ದನಿ. "ಅಳಿಯಂದ್ರ, ವಿಮಾನಕ್ಕ ಬರಾಕ ಎಷ್ಟೊತ್ತು ಹಿಡಿತೈತ್ರಿ?"

"ಎಂಟು ಸಾವಿರ ಕಿಲೋಮೀಟರ್ ಐತ್ರಿ ಅತ್ತಿ. ಎರಡು ದಿನ ಬೇಕ. ಅಲ್ಲಿ ತನಕ ಇಡಾಕ ಆಗಂಗಿಲ್ಲ."

ಕೊನೆಗೆ ಮತ್ತೆ ಅವಳು.

"ಎರಡು ದಿನಾನ? ಹಂಗಾರ ಛಲೋ ಆತು ಬಿಡ್ರಿ. ಅವಸರ ಮಾಡಬ್ಯಾಡ್ರಿ. ನಿಧಾನಕ್ಕ ಬರ್ರಿ."

ಮೇಡಂ ಅದನ್ನು ಇನ್ನೊಮ್ಮೆ ಕೇಳಿದರು. ಅವರ ಮುಖದಲ್ಲಿ ಅಂಥ ಬಣ್ಣವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಇದನ್ನ ಮೊದಲ ಯಾಕ ಹೇಳಲಿಲ್ಲ?"

"ನಾನೂ ಮಗಳ ಮ್ಯಾಲಿನ ಪ್ರೀತಿ ಅಂದ್ಕೊಂಡಿದ್ನಿರಿ. ನಿನ್ನೆ ರಾತ್ರಿ ತನಕ." ರುದ್ರೇಶ ಎದ್ದು ನಿಂತ. "ಅನುಷಾ ಅಜ್ಜಿ ಬಾಜೂಕ ಮಲಗಾಕ ಒಲ್ಲೆ ಅಂದ್ಲು. ಯಾಕವ್ವ ಅಂತ ಕೇಳಿದೆ. ಸೋಮವಾರ ಸಾಲಿ ಬಿಟ್ಟು ಬಂದಾಗ ಅಜ್ಜಿ ಮಾಳಿಗಿ ಮೆಟ್ಟಲ ಮ್ಯಾಲೆ ಕುಂತಿದ್ಲಂತ. ಅವ್ವ ಮಲಗ್ಯಾಳ, ಎಬ್ಬಿಸಬ್ಯಾಡ, ಫಕೀರಮ್ಮನ ಮನಿಗೆ ಆಡಾಕ ಹೋಗು, ನಾ ಬಂದಿದ್ದು ಯಾರಿಗೂ ಹೇಳಬ್ಯಾಡ ಅಂದ್ಲಂತ."

ಶಂಕ್ರಮ್ಮ ನಮ್ಮೆದುರು ಕೊಟ್ಟ ಹೇಳಿಕೆ ನನಗೆ ಬಾಯಿಪಾಠವಾಗಿತ್ತು. ಸೋಮವಾರ ಇಡೀ ದಿನ ಹನುಮಸಾಗರದಲ್ಲೇ ಇದ್ದೆ, ಸುದ್ದಿ ತಿಳಿದ ಮೇಲೆ ಬಂದೆ ಎಂದಿದ್ದಳು. ಯಾರೂ ಅದನ್ನು ಪರೀಕ್ಷಿಸಿರಲಿಲ್ಲ. ಹೆತ್ತವಳನ್ನು ಯಾರು ಪರೀಕ್ಷಿಸುತ್ತಾರೆ?

"ಹೆತ್ತಾಕಿ ಹಂಗ ಯಾಕ ಮಾಡ್ತಾಳ ಅಂತ ನನಗ ಗೊತ್ತಿಲ್ರಿ" ಎಂದ ರುದ್ರೇಶ. "ನಿಮ್ಮ ಕಡೆ ಬಂದು ಹೇಳಿದ್ರ ಆಫ್ರಿಕಾದ ಸುಳ್ಳುಗಾರನ ಮಾತು ಯಾರು ನಂಬ್ತೀರಿ? ಎಲ್ಲಿಗರ ಆಗ್ಲಿ, ಕೂಸಿನ್ನ ಮೊದಲ ಆ ಮನಿ ಬಿಡಿಸಿ ಒಯ್ಯೂಣು ಅಂತ ಹೊಂಟಿದ್ದೆ. ನೀವು ಕಾರ್ ತಡದ್ರಿ. ನನ್ನ ಕೈಯಾಗಿಂದ ಕಸಗೊಂಡು ಅಕಿ ಕೈಯಾಗ ಕೊಟ್ರಿ."

ಅವನು ಅದನ್ನು ಹೇಳಿದ್ದು ಮೇಡಂಗೆ. ನೋಡಿದ್ದು ನನ್ನ ಕೈಗಳನ್ನು.

"ಹೇಮಪ್ಪನವರ" ಎಂದರು ಮೇಡಂ. ಮೊದಲ ಸಲ ಅವರ ದನಿ ಏರಿತ್ತು. "ಯಂಕೇಶಗ ಫೋನ್ ಹಚ್ರಿ! ಜೀಪ್ ಎಲ್ಲಿದ್ರೂ ನಿಲ್ಲಿಸಾಕ ಹೇಳ್ರಿ. ಕುಷ್ಟಗಿ ಠಾಣೆಗೂ ಹೇಳ್ರಿ."

ನಾನು ಫೋನು ಕಿವಿಗಿಟ್ಟೆ. ಅತ್ತ ರಿಂಗಾಯಿತು. ಇತ್ತ ನಮ್ಮ ಅಂಗಳದಲ್ಲೇ ಯಂಕೇಶನ ಫೋನಿನ ಸದ್ದು ಕೇಳಿತು.

ಕಿಟಕಿಯಿಂದ ನೋಡಿದೆ. ಬೇವಿನ ಗಿಡದ ನೆರಳಿನಲ್ಲಿ ಜೀಪು ನಿಲ್ಲುತ್ತಿತ್ತು. ಹನುಮಸಾಗರಕ್ಕೆ ಹೋಗಿ ತಿರುಗಿ ಬರಲು ಮಧ್ಯಾಹ್ನ ದಾಟಬೇಕು. ಇನ್ನೂ ಹೊತ್ತು ನೆತ್ತಿಗೇ ಏರಿರಲಿಲ್ಲ. ಜೀಪಿನಲ್ಲಿ ಯಂಕೇಶನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಮೂವರೂ ಹೊರಗೆ ಓಡಿದೆವು.

"ಎಲ್ಲದಾರ ಅವರು?" ಮೇಡಂ ಅವನ ಅಂಗಿಯ ಕಾಲರನ್ನೇ ಹಿಡಿದರು.

ಯಂಕೇಶ ಕಕ್ಕಾಬಿಕ್ಕಿಯಾದ. ಅವನೂ ಎರಡು ಹೆಣ್ಣುಮಕ್ಕಳ ತಂದೆ, ಒಳ್ಳೆಯ ಮನುಷ್ಯ. "ಹೇಮಗುಡ್ಡದಾಗ ಇಳದ್ರು ಮೇಡಂ. ಮಗಳ ಹೆಸರಿಲೆ ದುರ್ಗವ್ವಗ ಹರಕಿ ಐತಿ, ಮುಗಿಸಿಕೊಂಡು ಬಸ್ಸಿಗೆ ಹೋಗ್ತೀವಿ, ನೀ ಹೋಗಪ್ಪ ಅಂದ್ಲು ಅಜ್ಜಿ. ಕೇಳಿದ್ದು ಮಾಡಿಕೊಡು ಅಂದಿದ್ರಲ್ರಿ."

"ಗುಡಿಯೊಳಗ ಬಿಟ್ಟಿಯೇನು?"

"ಗುಡಿಯೊಳಗಲ್ರಿ. ಗುಡ್ಡದ ಮ್ಯಾಲೆ ಹೋಗಬೇಕು ಅಂದ್ಲು, ತುದೀಗೆ. ಅಲ್ಲಿಂದ ಕೆಳಗ ಕಾಯಿ ಒಗೀತೀನಿ ಅಂತ ಬೇಡಿಕೊಂಡಾಳಂತ."

ರುದ್ರೇಶ ಆಗಲೇ ಜೀಪಿನ ಬಾಗಿಲು ಎಳೆಯುತ್ತಿದ್ದ.

"ಕೂಸು ಎಲ್ಲೈತಿ ಯಂಕೇಶ?" ಎಂದೆ ನಾನು.

"ಅದು ಹತ್ತಾಕ ಒಲ್ಲೆ ಅಂತ ನೆಲಕ್ಕ ಬಿದ್ದು ಹೊಳ್ಳ್ಯಾಡಾಕತ್ತಿತ್ರಿ. ಮುದುಕಿಗೆ ಎತ್ತಾಕ ಆಗಲಿಲ್ಲ" ಎಂದ ಯಂಕೇಶ, ಇನ್ನೂ ಏನೂ ತಿಳಿಯದೆ. "ನಾನ ಹೆಗಲ ಮ್ಯಾಲೆ ಹೊತ್ತುಕೊಂಡು ಹೋಗಿ, ತುದೀಗೆ ಬಿಟ್ಟು ಬಂದೀನ್ರಿ."